ಸಾಕೆಟ್ ಅಷ್ಟೋತ್ತರ

ಸಾಕೆಟ್ ಸೆಟ್ಟಿನ ಡಬ್ಬದ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಬರೆದಿರೋದು ಒಂದು ಸಂಖ್ಯೆ. 46 ಪೀಸು, 94 ಪೀಸು, 108 ಪೀಸು. ಆನ್‌ಲೈನ್ ಅಂಗಡಿಯಲ್ಲೂ ಕಂಪನಿ ಹೆಸರಿನ ಪಕ್ಕದಲ್ಲೇ ಅದು ಕೂತಿರುತ್ತೆ. ನಾವು ಸಂಖ್ಯೆ ನೋಡ್ತೀವಿ, ಬೆಲೆ ನೋಡ್ತೀವಿ, ಮನಸ್ಸಲ್ಲೇ ಒಂದು ಭಾಗಾಕಾರ ಮಾಡ್ತೀವಿ. "ಪೀಸಿಗೆ ನಲವತ್ತು ರೂಪಾಯಿ ಬಿತ್ತು, ಪರವಾಗಿಲ್ಲ" ಅಂತ ಕಾರ್ಟಿಗೆ ಹಾಕ್ತೀವಿ.

ನನ್ನ ತಕರಾರು ಈ ಭಾಗಾಕಾರದ ಬಗ್ಗೆ. ಡಬ್ಬದ ಮೇಲಿರುವ ಮಾಹಿತಿಯಲ್ಲಿ ಕೊಳ್ಳುವವನಿಗೆ ಅತಿ ಕಡಿಮೆ ಉಪಯೋಗಕ್ಕೆ ಬರೋದು ಈ ಸಂಖ್ಯೆಯೇ. 108 ಅಂದ ತಕ್ಷಣ ನಮ್ಮವರಿಗೆ ಏನೋ ಒಂದು ಪೂರ್ಣತೆಯ ಭಾವನೆ ಬರುತ್ತೆ, ಅಷ್ಟೋತ್ತರ ಮುಗಿಸಿದ ಹಾಗೆ. ಆದರೆ ಕಾರಿನ ಬಾನೆಟ್ ಎತ್ತಿದಾಗ ಬೇಕಾಗೋದು ನೂರೆಂಟು ನಾಮ ಅಲ್ಲ, ಒಂದು ಹತ್ತು-ಹನ್ನೆರಡು. ಉಳಿದ ತೊಂಬತ್ತಾರು ಪ್ಲಾಸ್ಟಿಕ್ ಗೂಡುಗಳಲ್ಲಿ ಹೊಳೀತಾ ಮಲಗಿರುತ್ತವೆ. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಎದ್ದು ಕುಂಕುಮ ಇಡಿಸಿಕೊಂಡು ಮತ್ತೆ ಮಲಗುತ್ತವೆ.

ತಮಾಷೆ ಏನಂದ್ರೆ, ಸಾಕೆಟ್ ಸೆಟ್ ಅನ್ನೋ ವಸ್ತು ಹುಟ್ಟಿದ್ದೇ ಸಂಖ್ಯೆ ಕಡಿಮೆ ಮಾಡೋದಕ್ಕೆ. ಒಂದೊಂದು ಅಳತೆಯ ನಟ್ಟಿಗೂ ಒಂದೊಂದು ಹಿಡಿ ಇರುವ ಪೂರ್ತಿ ಸ್ಪ್ಯಾನರ್ ಇಟ್ಟುಕೊಳ್ಳುತ್ತಿದ್ದ ಕಾಲದಲ್ಲಿ, 1920ರಲ್ಲಿ, ಅಮೆರಿಕದ ಮಿಲ್ವಾಕಿಯಲ್ಲಿ ಜೋಸೆಫ್ ಜಾನ್ಸನ್ ಮತ್ತು ವಿಲಿಯಂ ಸೈಡೆಮನ್ ಅನ್ನೋರು ಸ್ನ್ಯಾಪ್-ಆನ್ ಕಂಪನಿ ಶುರು ಮಾಡಿದರು. ಐದು ಹಿಡಿಗಳು, ಹತ್ತು ಸಾಕೆಟ್ಟುಗಳು, ಯಾವ ಸಾಕೆಟ್ಟನ್ನು ಬೇಕಾದರೂ ಯಾವ ಹಿಡಿಗೆ ಬೇಕಾದರೂ ಸಿಕ್ಕಿಸಬಹುದು. ಐದು ಸೇರಿ ಐವತ್ತರ ಕೆಲಸ ಮಾಡುತ್ತವೆ ಅನ್ನೋದೇ ಅವರ ಘೋಷಣೆ. ಐದು ಇಂಟು ಹತ್ತು, ಐವತ್ತು. ಸರಳ ಗುಣಾಕಾರ. ನೂರು ವರ್ಷದಲ್ಲಿ ಅದು ಪೂರಾ ತಲೆಕೆಳಗಾಗಿದೆ. ಈಗಿನ ಡಬ್ಬಗಳಲ್ಲಿ ನೂರು ಸೇರಿ ಹನ್ನೆರಡರ ಕೆಲಸ ಮಾಡುತ್ತವೆ.

ಬನ್ನಿ, ಸಾಮಾನ್ಯವಾಗಿ ಸಿಗುವ ಒಂದು 108 ಪೀಸ್ ಸೆಟ್ಟನ್ನು ಬಿಚ್ಚಿ ಎಣಿಸೋಣ. ಯಾವ ಕಂಪನಿಯದು ಅನ್ನೋದು ಮುಖ್ಯ ಅಲ್ಲ, ಬಹಳಷ್ಟು ಸೆಟ್ಟುಗಳ ಜಾತಕ ಒಂದೇ. ಮೊದಲು ಕಣ್ಣಿಗೆ ಬೀಳೋದು ಬಿಟ್ಟುಗಳ ಸಾಲು: ಸ್ಕ್ರೂಡ್ರೈವರಿನ ತುದಿಯಂತಹ ಪುಟಾಣಿ ತುಂಡುಗಳು. ಚಪ್ಪಟೆ, ಫಿಲಿಪ್ಸ್, ಅಲೆನ್, ನಕ್ಷತ್ರದಾಕಾರದ ಟಾರ್ಕ್ಸ್, ಎಲ್ಲ ಅಳತೆಯಲ್ಲೂ. ಒಂದೊಂದೂ ಒಂದೊಂದು ಪೀಸ್ ಲೆಕ್ಕ. ಆಮೇಲೆ ಎಲ್ ಆಕಾರದ ಮೂರು-ನಾಲ್ಕು ಅಲೆನ್ ಕೀಗಳು, ಅವೂ ಪೀಸೇ. ಆಮೇಲೆ ಕಾಲಿಂಚಿನ ಚಿಕ್ಕ ಸಾಕೆಟ್ಟುಗಳು, 4 ಮಿಲಿಮೀಟರಿಂದ 14ರ ತನಕ. 4, 4.5, 5, 5.5 ಎಲ್ಲ ಇರುತ್ತವೆ. ಕಾರಿನಲ್ಲಿ 4.5 ಮಿಲಿಮೀಟರಿನ ನಟ್ಟು ಎಲ್ಲಿದೆ ಅಂತ ಕೇಳಬೇಡಿ. ಕೊನೆಗೆ ಅರ್ಧ ಇಂಚಿನ ದೊಡ್ಡ ಸಾಕೆಟ್ಟುಗಳು, 10ರಿಂದ 32ರ ತನಕ. 30, 32 ಹಾಕಿದರೆ ಡಬ್ಬಕ್ಕೊಂದು ಭಾರ ಬರುತ್ತೆ, ಗಾಂಭೀರ್ಯ ಬರುತ್ತೆ. ಊಟಕ್ಕಿಂತ ಉಪ್ಪಿನಕಾಯಿಯೇ ಜಾಸ್ತಿ.

ಇಷ್ಟೆಲ್ಲ ಇದ್ದೂ ಇಂತಹ ಎಷ್ಟೋ ಸೆಟ್ಟುಗಳಲ್ಲಿ ಇಲ್ಲದೇ ಇರೋದು ಏನು ಗೊತ್ತಾ? 3/8 ಇಂಚಿನ ಡ್ರೈವ್. ಅದೇ ಕಾರಿನ ಕೆಲಸಕ್ಕೆ ಅತಿ ಹೆಚ್ಚು ಬೇಕಾಗುವ ಗಾತ್ರ.

ಡ್ರೈವ್ ಅಂದ್ರೆ ಹಿಡಿಯಿಂದ ಹೊರಗೆ ಚಾಚಿರುವ, ಸಾಕೆಟ್ಟಿನ ಹಿಂಭಾಗದ ತೂತಿಗೆ ಕೂರುವ ಚೌಕದ ಅಳತೆ. ಮನೆ ಬಳಕೆಗೆ ಮೂರು ಗಾತ್ರ ಮುಖ್ಯ. 1/4 ಇಂಚು ಅಂದ್ರೆ 6.3 ಮಿ.ಮೀ., 3/8 ಅಂದ್ರೆ ಸುಮಾರು 9.5, 1/2 ಅಂದ್ರೆ 12.7. ಕಾಲಿಂಚಿನದು ಡ್ಯಾಶ್‌ಬೋರ್ಡಿನ ಸ್ಕ್ರೂ, ಫಿಲ್ಟರ್ ಡಬ್ಬದ ಬೋಲ್ಟು, ಕ್ಲಿಪ್ಪುಗಳಿಗೆ. ಅರ್ಧ ಇಂಚಿನದು ಚಕ್ರ ಮತ್ತು ಸಸ್ಪೆನ್ಷನ್ನಿಗೆ. ಇವೆರಡರ ನಡುವಿನ ದೊಡ್ಡ ಬಯಲು, ಅಂದ್ರೆ ಬ್ಯಾಟರಿ ಕ್ಲ್ಯಾಂಪು, ಸ್ಪಾರ್ಕ್ ಪ್ಲಗ್ಗು, ಬ್ರೇಕ್ ಕ್ಯಾಲಿಪರ್ರು, ಆಯಿಲ್ ಡ್ರೈನ್ ಬೋಲ್ಟು, ಇದೆಲ್ಲ 3/8ರ ಸಾಮ್ರಾಜ್ಯ. ಕಾಲಿಂಚಿನದಕ್ಕೆ ಅಷ್ಟು ತ್ರಾಣ ಇಲ್ಲ. ಅರ್ಧ ಇಂಚಿನ ದಪ್ಪ ತಲೆ ಇಂಜಿನ್ನಿನ ಇಕ್ಕಟ್ಟಿನಲ್ಲಿ ತೂರಲ್ಲ. ನೂರೆಂಟು ಕೊಟ್ಟೂ ನಡುವಿನದನ್ನೇ ಬಿಟ್ಟವರನ್ನು ಧಾರಾಳಿ ಅಂತ ಹೇಗೆ ಹೇಳೋದು?

ಈಗ ಆ ಭಾಗಾಕಾರವನ್ನ ಮತ್ತೆ ಮಾಡೋಣ. ಉದಾಹರಣೆಗೆ ಸೆಟ್ಟಿನ ಬೆಲೆ 4,320 ರೂಪಾಯಿ ಅಂತಿಟ್ಟುಕೊಳ್ಳಿ. 108ರಿಂದ ಭಾಗಿಸಿದರೆ ಪೀಸಿಗೆ 40. ನೀವು ನಿಜವಾಗಿ ಬಳಸೋದು 12 ಆದರೆ ಪೀಸಿಗೆ 360. ಅದೇ ದುಡ್ಡಿಗೆ ಆ ಹನ್ನೆರಡನ್ನೇ ಒಳ್ಳೆಯ ಉಕ್ಕಿನಲ್ಲಿ ಬಿಡಿಬಿಡಿಯಾಗಿ ಕೊಂಡಿದ್ದರೆ? ವ್ಯಾಲ್ಯೂ ಫಾರ್ ಮನಿ ಅನ್ನೋ ಮಾತನ್ನ ನಾವು ದಿನಕ್ಕೆ ಹತ್ತು ಸಲ ಆಡ್ತೀವಿ, ಆದರೆ ಛೇದದಲ್ಲಿ ಯಾವ ಸಂಖ್ಯೆ ಹಾಕ್ಬೇಕು ಅಂತ ಯೋಚಿಸಲ್ಲ. ಛೇದದಲ್ಲಿ ಇರಬೇಕಾದ್ದು ಪೀಸಲ್ಲ, ಕೆಲಸ.

ಹಾಗಾದ್ರೆ ಯಾವ ಹನ್ನೆರಡು? ಇದಕ್ಕೆ ಅಂಗಡಿಯವನ ಹತ್ರ ಉತ್ತರ ಇಲ್ಲ, ನಿಮ್ಮ ಪಾರ್ಕಿಂಗಿನಲ್ಲಿ ನಿಂತಿರುವ ಗಾಡಿಯ ಹತ್ರ ಇದೆ. ಬೋಲ್ಟಿನ ಲೋಕದಲ್ಲೂ ಎರಡು ಸಂಪ್ರದಾಯ ಇದೆ. ಜಪಾನಿನ ಕಂಪನಿಗಳು ಮತ್ತು ಅವರ ದಾರಿ ಹಿಡಿದವರ ಗಾಡಿಗಳಲ್ಲಿ, ಅಂದ್ರೆ ಮಾರುತಿ, ಟೊಯೊಟಾ, ಹೋಂಡಾ, ಹ್ಯುಂಡೈಗಳಲ್ಲಿ, 8 ಮಿ.ಮೀ. ದಪ್ಪದ ಬೋಲ್ಟಿಗೆ ಸಾಮಾನ್ಯವಾಗಿ 12ರ ತಲೆ, 10ರ ಬೋಲ್ಟಿಗೆ 14ರ ತಲೆ. ಹಾಗಾಗಿ ಅಲ್ಲಿ ಪದೇ ಪದೇ ಬರೋದು 8, 10, 12, 14, 17, 19. ಯುರೋಪಿನ ಪದ್ಧತಿಯಲ್ಲಿ ಅದೇ 8ರ ಬೋಲ್ಟಿಗೆ 13ರ ತಲೆ, 10ರ ಬೋಲ್ಟಿಗೆ 16 ಅಥವಾ 17. ಫೋಕ್ಸ್‌ವ್ಯಾಗನ್, ಸ್ಕೋಡಾ ಇದ್ದವರಿಗೆ 10, 13, 16, 18ರ ಜೊತೆಗೆ ಟಾರ್ಕ್ಸ್ ಬಿಟ್ಟುಗಳೂ ನಿಜವಾಗಿ ಬೇಕಾಗುತ್ತವೆ. ಅಂದ್ರೆ ಬಿಟ್ಟುಗಳ ಸಾಲು ಅವರಿಗೆ ಉಪ್ಪಿನಕಾಯಿ ಅಲ್ಲ, ಊಟವೇ. ವಿಮರ್ಶೆ ಮಾಡುವಾಗ ಇದನ್ನ ಒಪ್ಪಿಕೊಳ್ಳಲೇಬೇಕು: ಎಲ್ಲರಿಗೂ ಒಂದೇ ಒಳ್ಳೆಯ ಸೆಟ್ಟು ಅಂತ ಇಲ್ಲ.

ಇನ್ನು ಇಂಚಿನ ಅಳತೆಗಳು. ಕೆಲವು ಸೆಟ್ಟುಗಳಲ್ಲಿ ಅರ್ಧಕ್ಕರ್ಧ ಇವೇ ತುಂಬಿರುತ್ತವೆ: 3/8, 7/16, 1/2, 9/16. ಇವು ಅಮೆರಿಕದ ಮಾರುಕಟ್ಟೆಗೆ ಅಂತ ಜೋಡಿಸಿದ ಡಬ್ಬಗಳು. ನಮ್ಮ ರಸ್ತೆಯ ಇವತ್ತಿನ ಕಾರುಗಳೆಲ್ಲ ಮೆಟ್ರಿಕ್. ಉಪಯೋಗ ಇಲ್ಲ ಅನ್ನೋದಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು, ಆದರೆ ಇವು ಆಸೆ ಹುಟ್ಟಿಸುತ್ತವೆ. 1/2 ಇಂಚು ಅಂದ್ರೆ 12.7 ಮಿ.ಮೀ. ಹನ್ನೆರಡರ ಬೋಲ್ಟಿನ ಮೇಲೆ ಅದು ಸಡಿಲವಾಗಿ ಕೂರುತ್ತೆ. "ಹೆಂಗೋ ಹಿಡೀತಲ್ಲ" ಅಂತ ತಿರುಗಿಸಿದರೆ ಬೋಲ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ. ಗುಂಡಾದ ಬೋಲ್ಟನ್ನ ಹೊರಗೆ ತೆಗೆಯೋ ಖರ್ಚು, ಆ ಕೆಲಸವನ್ನ ಮೊದಲೇ ಗ್ಯಾರೇಜಿಗೆ ಕೊಟ್ಟಿದ್ದರೆ ಆಗುತ್ತಿದ್ದ ಖರ್ಚಿಗಿಂತ ಜಾಸ್ತಿ.

ಮೂಲೆ ಸವೆಯೋದಕ್ಕೆ ಇನ್ನೊಂದು ಕಾರಣ ಸಾಕೆಟ್ಟಿನ ಒಳಗಿನ ಆಕಾರ. ಆರು ಮೂಲೆಯದು, ಹನ್ನೆರಡು ಮೂಲೆಯದು ಅಂತ ಎರಡು ಬಗೆ. ಹನ್ನೆರಡರದು ಬೋಲ್ಟಿನ ಮೇಲೆ ಬೇಗ ಕೂರುತ್ತೆ, ಮೂವತ್ತು ಡಿಗ್ರಿಗೊಮ್ಮೆ ಜಾಗ ಸಿಗುತ್ತೆ. ಆದರೆ ಹಿಡಿಯೋದು ಮೂಲೆಯ ಹತ್ತಿರದಲ್ಲಿ ಮಾತ್ರ. ಆರರದು ಕೂರೋಕೆ ಅರವತ್ತು ಡಿಗ್ರಿ ಬೇಕು, ಆದರೆ ಹಿಡಿತ ಭದ್ರ. ತುಕ್ಕು ಹಿಡಿದ ಹಳೆಯ ಬೋಲ್ಟಿಗೆ, ಕರಾವಳಿಯ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ಓಡಿದ ಗಾಡಿಗೆ, ಆರು ಮೂಲೆಯದೇ ಸರಿ. ರ್‍ಯಾಚೆಟ್ ಇರುವಾಗ ಹನ್ನೆರಡರ ಅನುಕೂಲ ಹೇಗೂ ಬೇಕಾಗಲ್ಲ. ಡಬ್ಬದ ಮೇಲೆ ಸಂಖ್ಯೆ ದಪ್ಪಕ್ಷರದಲ್ಲಿರುತ್ತೆ, ಈ ಮಾಹಿತಿ ಇರೋದೇ ಇಲ್ಲ. ಫೋಟೋ ದೊಡ್ಡದು ಮಾಡಿ ಸಾಕೆಟ್ಟಿನ ಬಾಯಿ ನೋಡಬೇಕು.

ಡಬ್ಬ ಹೇಳೋ ಇನ್ನೊಂದು ಮಾತು ಸಿಆರ್-ವಿ, ಅಂದ್ರೆ ಕ್ರೋಮ್ ವೆನೇಡಿಯಂ ಉಕ್ಕು. ಸಾಕೆಟ್ಟಿನ ಮೈಮೇಲೂ ಒತ್ತಿರುತ್ತಾರೆ. ಒಳ್ಳೆಯದೇ, ಆದರೆ ಅದು ಸಾಮಗ್ರಿಯ ಹೆಸರು, ಅಡುಗೆಯ ಸರ್ಟಿಫಿಕೇಟ್ ಅಲ್ಲ. ಬಿಸಿಬೇಳೆಬಾತಿಗೆ ತೊಗರಿಬೇಳೆ ಹಾಕಿದ್ದಾರೆ ಅಂತ ಗೊತ್ತಾದ ಮಾತ್ರಕ್ಕೆ ರುಚಿ ಗೊತ್ತಾಗುತ್ತಾ? ಆ ಉಕ್ಕನ್ನ ಕಾಯಿಸಿ ತಣಿಸಿ ಹದ ಮಾಡಿದ್ದು ಹೇಗೆ, ಒಳ ಅಳತೆ ಎಷ್ಟು ನಿಖರ ಅನ್ನೋದರ ಮೇಲೆ ಎಲ್ಲ ನಿಂತಿದೆ. ಹದ ತಪ್ಪಿ ಮೆತ್ತಗಾದರೆ ಸಾಕೆಟ್ಟಿನ ಬಾಯಿ ಅಗಲವಾಗುತ್ತೆ, ಗಡುಸಾದರೆ ಸೀಳುತ್ತೆ. ಅದಕ್ಕೇ ನಾನು ಸಿಆರ್-ವಿ ಅಚ್ಚಿಗಿಂತ ಡಿಐಎನ್ ಅಥವಾ ಐಎಸ್‌ಒ ಮಾನದಂಡದ ಸಂಖ್ಯೆ ಬರೆದಿದ್ದಾರಾ, ತಯಾರಕರ ಹೆಸರು ವಿಳಾಸ ಇದೆಯಾ, ಒಡೆದರೆ ಬಿಡಿ ಸಾಕೆಟ್ ಸಿಗುತ್ತಾ ಅಂತ ನೋಡೋ ಪಕ್ಷ. ನಾಸಿಕ್‌ನ ಟಪಾರಿಯಾ ತರಹದ ನಮ್ಮ ಹಳೆಯ ಹೆಸರುಗಳಿಗೆ ಇರುವ ದೊಡ್ಡ ಅನುಕೂಲ ಇದೇ. ಹತ್ತರ ಸಾಕೆಟ್ ಕಳೆದರೆ (ಕಳೆಯೋದು ಯಾವಾಗಲೂ ಹತ್ತರದ್ದೇ) ಅದೊಂದನ್ನೇ ತಂದುಕೊಳ್ಳಬಹುದು. ಹೆಸರೇ ಇಲ್ಲದ ಡಬ್ಬದಲ್ಲಿ ಒಂದು ಕಳೆದರೆ ಅದಕ್ಕೆ ಜೋಡಿ ಹುಡುಕೋದು ಎಲ್ಲಿ?

ರ್‍ಯಾಚೆಟ್ಟಿನ ವಿಷಯದಲ್ಲಿ ಮಾತ್ರ ಡಬ್ಬದ ಸಂಖ್ಯೆಗೆ ಅರ್ಥ ಇದೆ. 24 ಹಲ್ಲಿನದಾದರೆ ಒಂದು ಟಿಕ್ಕಿಗೆ 15 ಡಿಗ್ರಿ ತಿರುಗಿಸಬೇಕು, 72 ಹಲ್ಲಿನದಾದರೆ 5 ಡಿಗ್ರಿ ಸಾಕು. ಕೈ ಅಲ್ಲಾಡಿಸೋಕೂ ಜಾಗ ಇಲ್ಲದ ಇವತ್ತಿನ ಇಂಜಿನ್ ಬೇಗಳಲ್ಲಿ ಈ ವ್ಯತ್ಯಾಸ ಕೈಗೆ ಗೊತ್ತಾಗುತ್ತೆ. ಸಾಧ್ಯವಾದರೆ ಇದೊಂದನ್ನ ಅಂಗಡಿಗೇ ಹೋಗಿ ಕೊಳ್ಳಿ. ಜೆ.ಸಿ. ರಸ್ತೆ, ಎಸ್.ಪಿ. ರಸ್ತೆ ಕಡೆ ಒಂದು ಶನಿವಾರ ಬೆಳಿಗ್ಗೆ ಸುತ್ತಿದರೆ ಸಾಕು. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ತಲೆ ಲೊಡಲೊಡ ಅನ್ನಬಾರದು, ಹಿಂದಕ್ಕೆ ತಿರುಗಿಸುವಾಗ ಸಾಕೆಟ್ಟೂ ಜೊತೆಗೆ ಬರಬಾರದು, ಸಾಕೆಟ್ ಚೌಕದಿಂದ ತಾನಾಗಿ ಜಾರಬಾರದು. ಮೂರು ಪರೀಕ್ಷೆ, ಅರ್ಧ ನಿಮಿಷ.

ಈಗ ಐನೂರು-ಆರುನೂರು ರೂಪಾಯಿಗೆ ಸಿಗುವ ಆ 46 ಪೀಸಿನ ಸಣ್ಣ ಡಬ್ಬದ ಬಗ್ಗೆ. ಇದನ್ನ ಬೈಯೋದು ಸುಲಭ. ಆದರೆ ನ್ಯಾಯವಾಗಿ ಹೇಳಬೇಕಂದ್ರೆ ಅದು ಕೆಟ್ಟ ವಸ್ತು ಅಲ್ಲ, ಅದಕ್ಕೆ ಕೊಟ್ಟಿರುವ ಹೆಸರು ಸುಳ್ಳು. ಮೇಲೆ ಕಾರಿನ ಚಿತ್ರ ಇರುತ್ತೆ, ಒಳಗೆ ಇರೋದು ಕಾಲಿಂಚಿನ ಡ್ರೈವ್. ಸೈಕಲ್ಲಿಗೆ, ಮಕ್ಕಳ ಮಂಚ ಜೋಡಿಸೋಕೆ, ನಂಬರ್ ಪ್ಲೇಟಿಗೆ ಅದು ಬೇಕಾದಷ್ಟಾಯ್ತು. ಚಕ್ರದ ನಟ್ಟಿನ ಹತ್ರ ಹೋದರೆ ಕತೆ ಬೇರೆ.

ಲೆಕ್ಕ ಹಾಕೋಣ. ಸಣ್ಣ ಕಾರುಗಳ ಚಕ್ರದ ನಟ್ಟುಗಳನ್ನ ಸುಮಾರು 100 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿ ಬಿಗಿಯಬೇಕು; ನಿಮ್ಮ ಗಾಡಿಯ ಖಚಿತ ಸಂಖ್ಯೆಯನ್ನ ಕಂಪನಿಯಿಂದಲೇ ತಿಳಿದುಕೊಳ್ಳಿ. 15 ಸೆಂಟಿಮೀಟರಿನ ಪುಟ್ಟ ಹಿಡಿಯಿಂದ ಅಷ್ಟು ಬಲ ಹಾಕಬೇಕಂದ್ರೆ ತುದಿಯಲ್ಲಿ 68 ಕೆಜಿ ಭಾರ ಹೇರಬೇಕು. ಒಬ್ಬ ಮನುಷ್ಯ ಹತ್ತಿ ನಿಂತ ಹಾಗೆ. 25 ಸೆಂಟಿಮೀಟರಿನ ಹಿಡಿಯಲ್ಲಿ 41 ಕೆಜಿ. 45 ಸೆಂಟಿಮೀಟರಿನ ಬ್ರೇಕರ್ ಬಾರಿನಲ್ಲಿ 23 ಕೆಜಿ ಸಾಕು. ಇದು ಸರಿಯಾಗಿ ಬಿಗಿದ ನಟ್ಟಿನ ಲೆಕ್ಕ. ಪಂಕ್ಚರ್ ಅಂಗಡಿಯಲ್ಲಿ ಏರ್ ಗನ್ ಹಿಡಿದು ಟರ್‍ರ್ ಅಂತ ಅಗತ್ಯಕ್ಕಿಂತ ಜಾಸ್ತಿ ಬಿಗಿದಿದ್ದರೆ ಇನ್ನೂ ಬೇಕು. ಗಾಡಿಯ ಜೊತೆ ಬರುವ ಗಿಡ್ಡ ಪಾನಾ ಅಲ್ಲಿ ಸೋಲೋದು ಇದಕ್ಕೇ. ರಾತ್ರಿ ಹನ್ನೊಂದಕ್ಕೆ, ಚಾರ್ಮಾಡಿಯ ತಿರುವಿನಲ್ಲಿ, ಮಳೆಯಲ್ಲಿ, ಹಿಂದಿನ ಸೀಟಿನಲ್ಲಿ ಮಗು ಮಲಗಿರುವಾಗ, 108 ಪೀಸಿನ ಸೆಟ್ಟು ಮನೆಯ ಲಾಫ್ಟಿನಲ್ಲಿದ್ದರೆ ಏನು ಬಂತು? ಡಿಕ್ಕಿಯಲ್ಲಿ ಒಂದು ಉದ್ದನೆಯ ಬಾರು, ಸರಿಯಾದ ಒಂದೇ ಒಂದು ಸಾಕೆಟ್ ಇದ್ದರೆ ಹತ್ತು ನಿಮಿಷದ ಕೆಲಸ. ಸಾಮಾನ್ಯವಾಗಿ ಮಾರುತಿ, ಹೋಂಡಾಗೆ 19, ಹ್ಯುಂಡೈ, ಟೊಯೊಟಾಗೆ 21, ಫೋಕ್ಸ್‌ವ್ಯಾಗನ್, ಸ್ಕೋಡಾಗೆ 17. ಅಲಾಯ್ ಚಕ್ರ ಆದರೆ ಗೋಡೆ ತೆಳುವಾದ, ಉದ್ದದ ಸಾಕೆಟ್ಟೇ ಬೇಕು. ಕೊಳ್ಳುವ ಮುಂಚೆ ನಿಮ್ಮ ಚಕ್ರಕ್ಕೆ ಹಾಕಿ ನೋಡಿಬಿಡಿ.

ದೊಡ್ಡ ಸೆಟ್ಟಿನ ಪರವಾಗಿ ಹೇಳಬಹುದಾದ ಒಳ್ಳೆಯ ವಾದವೂ ಇದೆ. ಬಿಡಿ ಸಾಕೆಟ್ಟುಗಳಿಗೆ ತಲಾ ಬೆಲೆ ಜಾಸ್ತಿ. ಡಬ್ಬ ಇದ್ದರೆ ಎಲ್ಲ ಒಂದೇ ಕಡೆ ಇರುತ್ತವೆ, ಗೂಡು ಖಾಲಿ ಕಂಡರೆ ಯಾವುದು ಇಂಜಿನ್ನಿನೊಳಗೆ ಉಳಿದಿದೆ ಅಂತ ತಕ್ಷಣ ಗೊತ್ತಾಗುತ್ತೆ. ಮುಂದೆ ಗಾಡಿ ಬದಲಾಯಿಸಿದರೂ ಅಳತೆ ಸಿಗುತ್ತೆ. ಒಪ್ಪೋಣ. ಹಾಗಾಗಿ ಸೆಟ್ಟೇ ಬೇಡ ಅನ್ನೋದು ನನ್ನ ವಾದ ಅಲ್ಲ. ಸೆಟ್ಟು ಬೇಕು, ಚಿಕ್ಕದು ಬೇಕು. 3/8 ಇಂಚಿನ ಡ್ರೈವ್, ಆರು ಮೂಲೆ, 8ರಿಂದ 19ರ ತನಕ ನಡುವೆ ಒಂದೂ ಬಿಡದ ಸಾಲು, 72 ಹಲ್ಲಿನ ರ್‍ಯಾಚೆಟ್, ಒಂದು ಗಿಡ್ಡ ಒಂದು ಉದ್ದ ಎಕ್ಸ್‌ಟೆನ್ಷನ್. ಇದರ ಮೇಲೆ ಬಿಡಿಯಾಗಿ 10 ಮತ್ತು 12ರ ಡೀಪ್ ಸಾಕೆಟ್ಟು. ಪೆಟ್ರೋಲ್ ಗಾಡಿಯಾದರೆ ಸ್ಪಾರ್ಕ್ ಪ್ಲಗ್ ಸಾಕೆಟ್ಟು, ಈಗಿನ ಬಹಳಷ್ಟು ಪ್ಲಗ್ಗುಗಳಿಗೆ 16, ಹಳೆಯವಕ್ಕೆ 21. ಅರ್ಧ ಇಂಚಿನ ಬ್ರೇಕರ್ ಬಾರು ಮತ್ತು ನಿಮ್ಮ ಚಕ್ರದ ಸಾಕೆಟ್ಟು. ಎಣಿಸಿದರೆ ಇಪ್ಪತ್ತರ ಆಚೀಚೆ. ಯುರೋಪಿಯನ್ ಗಾಡಿಯವರು ಟಾರ್ಕ್ಸ್ ಬಿಟ್ಟುಗಳನ್ನ ಸೇರಿಸಿಕೊಳ್ಳಿ.

ಉಳಿದ ದುಡ್ಡಿಗೆ ಎರಡು ವಸ್ತು ಕೊಳ್ಳಿ. ಇವು ಯಾವ 108ರ ಡಬ್ಬದಲ್ಲೂ ಇರಲ್ಲ. ಒಂದು, ಟಾರ್ಕ್ ರೆಂಚ್. ಎಷ್ಟು ಬಿಗಿಯಬೇಕೋ ಅಷ್ಟಕ್ಕೆ ಟಕ್ ಅಂತ ಹೇಳುವ ಹಿಡಿ. ಅಲ್ಯೂಮಿನಿಯಂ ಇಂಜಿನ್ನಿಗೆ ಕೂರುವ 14 ಮಿ.ಮೀ.ನ ಸ್ಪಾರ್ಕ್ ಪ್ಲಗ್ಗಿಗೆ 25ರಿಂದ 30 ನ್ಯೂಟನ್ ಮೀಟರ್ ಸಾಕು. ಅದನ್ನ ಚಕ್ರದ ನಟ್ಟಿನ ಹಾಗೆ ಬಿಗಿದರೆ ಮರೆ ಕಿತ್ತುಬರುತ್ತೆ, ಆಮೇಲೆ ಸಾವಿರಗಳ ಮಾತು. ಟಾರ್ಕ್ ರೆಂಚನ್ನ ಬಿಚ್ಚೋಕೆ ಬಳಸಬಾರದು, ಕೆಲಸ ಮುಗಿದ ಮೇಲೆ ಅದರ ಅತಿ ಕಡಿಮೆ ಸಂಖ್ಯೆಗೆ ತಿರುಗಿಸಿಡಬೇಕು. ಎರಡು, ಜ್ಯಾಕ್ ಸ್ಟ್ಯಾಂಡ್ ಜೋಡಿ. ಗಾಡಿಯ ಜೊತೆ ಬರುವ ಜ್ಯಾಕ್ ಚಕ್ರ ಬದಲಾಯಿಸೋಕೆ ಮಾತ್ರ. ಅದರ ಭರವಸೆಯಲ್ಲಿ ಗಾಡಿಯ ಕೆಳಗೆ ನುಗ್ಗಬಾರದು. ಇದರಲ್ಲಿ ಚೌಕಾಸಿ ಇಲ್ಲ. ಹಾಗೇ, ಹೊಳೆಯುವ ಕ್ರೋಮ್ ಸಾಕೆಟ್ಟುಗಳನ್ನ ಇಂಪ್ಯಾಕ್ಟ್ ಗನ್ನಿಗೆ ಹಾಕಬೇಡಿ. ಅದಕ್ಕೆ ಕಪ್ಪು ಬಣ್ಣದ ಬೇರೆ ಜಾತಿಯೇ ಇದೆ. ಕ್ರೋಮಿನದು ಒಡೆದು ಚೂರು ಹಾರಬಹುದು.

"ಇದರಿಂದ ದುಡ್ಡು ಉಳಿಯುತ್ತಾ?" ಅಂತ ಕೇಳೋರು ಇದ್ದೇ ಇರ್ತಾರೆ. ಪ್ರಾಮಾಣಿಕ ಉತ್ತರ: ಬೇಗ ಉಳಿಯಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಆಯಿಲ್ ಬದಲಾಯಿಸೋಕೆ ಅಸೋಸಿಯೇಷನ್ನಿನವರು ಬಿಡಲ್ಲ. ಬಿಟ್ಟರೂ ಹಳೆಯ ಆಯಿಲ್ಲನ್ನ ಚರಂಡಿಗೆ ಸುರಿಯೋ ಹಾಗಿಲ್ಲ, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಅದು ಬರುತ್ತೆ. ವಾರಂಟಿಯಲ್ಲಿರುವ ಗಾಡಿಯಾದರೆ ಮಾಲೀಕರ ಕೈಪಿಡಿಯೇ ಹೇಳಿಕೊಟ್ಟಿರುವ ಕೆಲಸಗಳಲ್ಲಿ ನಿಲ್ಲೋದು ಜಾಣತನ: ಚಕ್ರ, ಬ್ಯಾಟರಿ, ಫಿಲ್ಟರು. ಬ್ಯಾಟರಿಗೆ ಬೇಕಾಗೋದು ಬಹುತೇಕ ಒಂದೇ ಸಾಕೆಟ್ಟು, 10. ಮೊದಲು ಬಿಚ್ಚಬೇಕಾದ್ದು ಮೈನಸ್. ಪ್ಲಸ್ಸಿಗೆ ಮೊದಲು ಕೈ ಹಾಕಿ, ಹಿಡಿಯ ಇನ್ನೊಂದು ತುದಿ ಗಾಡಿಯ ಮೈಗೆ ತಾಗಿದರೆ ಬೆಂಕಿಯ ಕಿಡಿ.

ಹಾಗಾದ್ರೆ ಯಾಕೆ ಕೊಳ್ಳಬೇಕು? ನಮ್ಮ ತಲೆಮಾರಿನವರ ಮನೆಯಲ್ಲಿರುವ ದುಬಾರಿ ವಸ್ತುಗಳಲ್ಲಿ ಮುಚ್ಚಳ ತೆಗೆದು ಒಳಗೆ ನೋಡಬಹುದಾದದ್ದು ಕಾರೊಂದೇ ಉಳಿದಿದೆ. ಫೋನು ಅಂಟಿನಲ್ಲಿ ಮುಚ್ಚಿದೆ, ಲ್ಯಾಪ್‌ಟಾಪ್ ಬಿಚ್ಚಿದರೆ ಬೈತಾರೆ. ಒಮ್ಮೆ ನಿಮ್ಮ ಕೈಯಾರೆ ಬ್ರೇಕ್ ಪ್ಯಾಡ್ ನೋಡಿದವರಿಗೆ, "ಸಾರ್, ಪ್ಯಾಡ್ ಹೋಗಿದೆ" ಅಂತ ಸರ್ವಿಸ್ ಸೆಂಟರಿನಿಂದ ಫೋನ್ ಬಂದಾಗ "ಎಷ್ಟು ಮಿಲಿಮೀಟರ್ ಉಳಿದಿದೆ?" ಅಂತ ಕೇಳೋ ಧೈರ್ಯ ಬರುತ್ತೆ. ಆ ಒಂದು ಪ್ರಶ್ನೆಯಿಂದ ಬಿಲ್ಲು ಬದಲಾಗಬಹುದು, ಆಗದೇ ಇರಬಹುದು. ಆದರೆ ಫೋನಿನ ಆ ಕಡೆ ಇರುವವರು ನಿಮ್ಮ ಜೊತೆ ಮಾತಾಡೋ ರೀತಿ ಬದಲಾಗುತ್ತೆ. ಈ ವಸ್ತುವಿನಿಂದ ಸಿಗುವ ದೊಡ್ಡ ವ್ಯಾಲ್ಯೂ ಅದೇ ಅಂತ ನನಗನ್ನಿಸುತ್ತೆ.

ಹಾಗಾಗಿ ಮುಂದಿನ ಸೇಲ್ ಬಂದಾಗ ನೇರ ಆನ್‌ಲೈನ್ ಅಂಗಡಿಗೆ ಹೋಗಬೇಡಿ. ಒಂದು ಭಾನುವಾರ ಕಾರಿನ ಕೈಪಿಡಿ ತೆಗೆದುಕೊಂಡು ಕೆಳಗಿಳಿಯಿರಿ, ಬಾನೆಟ್ ಎತ್ತಿ, ನೀವು ನಿಜವಾಗಿ ಕೈ ಹಾಕಲಿರುವ ಬೋಲ್ಟುಗಳ ಅಳತೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಚೀಟಿ ಚಿಕ್ಕದೇ ಆಗಿರುತ್ತೆ. ಅದರಲ್ಲಿರುವುದೆಲ್ಲ ಡಬ್ಬದಲ್ಲಿದ್ದರೆ ಕೊಳ್ಳಿ. ಒಂದು ಇಲ್ಲದಿದ್ದರೂ, ಉಳಿದ ನೂರೆಂಟು ಇದ್ದು ಪ್ರಯೋಜನ ಇಲ್ಲ.